ಗಂಗಮ್ಮನ ಕಲ್ಲಿನ ತಣ್ಣೀರು

ನನ್ನ ತಂಗಿ ತುಂಗಾಗೆ ಹಟ ಹುಟ್ಟಿನಿಂದ ಬಂದದ್ದು. ಚಿಕ್ಕವಳಿದ್ದಾಗ ಹಾಗಲಕಾಯಿ ಬೇಡ ಅಂದರೆ ಬೇಡ. ಅಪ್ಪ ಎಷ್ಟು ಗದರಿದರೂ ತಟ್ಟೆ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಈಗ ಯಲಹಂಕದ ಒಂದು ಖಾಸಗಿ ಸಮೀಕ್ಷೆ ಕಚೇರಿಯಲ್ಲಿದ್ದಾಳೆ. ಕೆರೆ, ಕುಂಟೆ, ಜೌಗು ನೆಲಗಳಿಗೆ ನೀರು ಎಲ್ಲಿಂದ ಬರುತ್ತದೆಂದು ನೋಡಿ ವಿಂಗಡಿಸುವುದು ಅವಳ ಕೆಲಸ: ಮಳೆಯದೋ, ಕಾಲುವೆಯದೋ, ನೆಲದೊಳಗಿನ ಒರತೆಯದೋ. ಮೂಲ ಗೊತ್ತಾದರೆ ಯಾವುದು ಯಾತರಿಂದ ಸಾಯುತ್ತದೆ ಅನ್ನುವುದೂ ಗೊತ್ತಾಗುತ್ತದಂತೆ. ಊಟಕ್ಕೆ ಕೂತಾಗಲೂ ನಾನು ಇದನ್ನೇ ಕೇಳಬೇಕು.

ಕಳೆದ ಬೇಸಿಗೆ ಚಿಕ್ಕಜಾಲದ ಹತ್ತಿರದ ಒಂದು ಕುಂಟೆ ಅವಳ ಪಾಲಿಗೆ ಬಂತು. ಅದರ ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಏಳಬೇಕು, ಪಾರ್ಕಿಂಗಿಗೆ ನೆಲದಡಿ ಮೂರು ಅಂತಸ್ತು ತೋಡಬೇಕು. ಕುಂಟೆಯದು ಬರೀ ಮಳೆನೀರಾದರೆ ತೋಡಲು ಅಡ್ಡಿಯಿಲ್ಲ. ಒರತೆಯಾದರೆ ನೀರೆಲ್ಲ ಆ ಗುಂಡಿಗೆ ಇಳಿದು ಕುಂಟೆ ಬತ್ತುತ್ತದೆ. ಅವಳ ಮೇಲಧಿಕಾರಿ ಶಿವಪ್ರಕಾಶರು ಮಳೆಗಾಲದ ಫೋಟೊ ನೋಡಿ, ಎ.ಸಿ. ರೂಮಿನಲ್ಲಿ ಕೂತೇ, ಮಳೆನೀರು ಎಂದು ತೀರ್ಮಾನಿಸಿದ್ದರು. ಸ್ಥಳಕ್ಕೆ ಹೋಗಿ ನೋಡಿದವಳು ತುಂಗಾ, ಹಾಗಾಗಿ ಅವಳ ಸಹಿಯೊಂದು ಬೇಕಿತ್ತು.

ಅವಳು ಹಾಕಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಅವರನ್ನು ಕುಂಟೆಗೇ ಹೊರಡಿಸಿದಳು. ಅವಳ ಸ್ಕೂಟರ್ ಕೆಟ್ಟಿದ್ದರಿಂದ ನನ್ನ ಕಾರು, ಕಾರಿನ ಜೊತೆ ನಾನು. ಕುಂಟೆಯ ಮೂಲೆಯ ಬಂಡೆಯ ಬುಡದಲ್ಲಿ ಊರವರು ಗಂಗಮ್ಮನೆಂದು ಅರಿಶಿನ ಕುಂಕುಮ ಹಚ್ಚುವ ಕಲ್ಲಿದೆ. ಅಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ನೀರಿಗಿಳಿಯುವುದಿಲ್ಲ.

"ಶೂ ಬಿಚ್ಚಿ ಸಾರ್," ಅಂದಳು.

ಪಾಪ, ಪ್ಯಾಂಟು ಮಡಿಸಿಕೊಂಡು ಇಳಿದರು. ದಡದಲ್ಲಿ ನೀರು ಬೆಚ್ಚಗಿತ್ತು. ಬಂಡೆಯ ಹತ್ತಿರ ಹೋದವರೇ ಕಾಲು ಹಿಂದಕ್ಕೆಳೆದುಕೊಂಡರು.

"ತಣ್ಣಗಿದೆಯಲ್ಲಮ್ಮ."

"ಮಳೆ ಬಂದು ತಿಂಗಳುಗಟ್ಟಲೆ ಆಯ್ತು ಸಾರ್. ಇಲ್ಲಿಗೆ ಕಾಲುವೆ ಇಲ್ಲ. ಇದೆಲ್ಲಿಂದ ಬರ್ತಿದೆ, ನೀವೇ ಹೇಳಿ."

ಅವರು ಕರ್ಚೀಫಿನಲ್ಲಿ ಕಾಲು ಒರೆಸಿಕೊಂಡರು. "ಗೊತ್ತಾಯ್ತಮ್ಮ. ಆದ್ರೂ ಮಳೆನೀರು ಅಂತಲೇ ಇರ್ಲಿ. ಸೈನ್ ಹಾಕು."

"ಹಾಕಲ್ಲ ಸಾರ್."

"ಕೆಲಸ ಬೇಡ್ವಾ?"

"ಬೇಕು. ಅದಕ್ಕೇ ಹಾಕಲ್ಲ."

ನನಗೆ ಭಯವಾಯಿತು. ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಆಮೇಲೆ ಅವಳನ್ನು ಹಳೇ ಫೈಲುಗಳ ರೂಮಿನಲ್ಲಿ ಕೂರಿಸಿದರು. ತಾನಾಗಿಯೇ ಬಿಟ್ಟುಹೋಗಲಿ ಅಂತ. ಇವಳೋ, ದಿನಾ ಎಲ್ಲರಿಗಿಂತ ಮೊದಲೇ ಹೋಗಿ ಕೂತಳು. ಕುಂಟೆಗೆ ಕೀರ್ತಿ ಎಂಬ ಹೊಸ ಹುಡುಗಿಯನ್ನು ಕಳಿಸಿದರು, ಸೇರಿ ಇನ್ನೂ ತಿಂಗಳಾಗಿರಲಿಲ್ಲ, ಹೇಳಿದಂತೆ ಕೇಳುತ್ತಾಳೆ ಅಂದುಕೊಂಡು. ಕೀರ್ತಿ ಹೋದಳು, ಕಲ್ಲಿನ ಹತ್ತಿರ ಶೂ ಬಿಚ್ಚಿದಳು, ನೀರಿಗಿಳಿದಳು.

ಈಗ ಹಳೇ ಫೈಲುಗಳ ರೂಮಿನಲ್ಲಿ ಎರಡು ಕುರ್ಚಿ ಇವೆ.