ಕೆರೆ ತುಂಬಿದ್ದಾಗಲೇ ಕೈ ಬಿಗಿಹಿಡಿದ ಬೇಸಿಗೆ

ಶಿವರಾತ್ರಿ ಮುಗಿದ ವಾರವೇ ನಾನು ಊರಿಗೆ ಮೂರು ದಿನಕ್ಕೊಮ್ಮೆ ನೀರು ಬಿಡುತ್ತಿದ್ದ ಸರದಿಯನ್ನು ಐದು ದಿನಕ್ಕೊಮ್ಮೆ ಮಾಡಿದೆ. ಆಗ ನಮ್ಮ ಕುಡಿಯುವ ನೀರಿನ ಕೆರೆ ಅಂಚಿನವರೆಗೆ ತುಂಬಿತ್ತು. ಕೊಟ್ಟೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದಲೇ ಆ ನೀರು ಕಾಣುತ್ತದೆ. ಹಾಗಾಗಿ ನನ್ನ ಆದೇಶ ಊರಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ನಾನು ಹರಪನಹಳ್ಳಿ ಕಡೆಯವಳು. ನೀರು ಸರಬರಾಜಿನ ಎಂಜಿನಿಯರಾಗಿ ಈ ಸಣ್ಣ ಪಟ್ಟಣಕ್ಕೆ ಬಂದ ಮೇಲೆ ಅದು ಎರಡನೇ ಬೇಸಿಗೆ. ಹಡಗಲಿ ಕಡೆ ತುಂಗಭದ್ರೆಯ ದಂಡೆಯಲ್ಲಿ ನೀರೆತ್ತಿ, ಕೊಳವೆಯಲ್ಲಿ ತಂದು ಕೆರೆ ತುಂಬಿಸುತ್ತೇವೆ. ಆ ವರ್ಷ ಚಳಿ ಮುಗಿಯುವ ಮೊದಲೇ ನದಿಯ ನಡುವೆ ಮರಳಿನ ದಿಬ್ಬಗಳು ಎದ್ದಿದ್ದನ್ನು ಕಣ್ಣಾರೆ ನೋಡಿ ಬಂದಿದ್ದೆ. ನದಿ ನಿಂತರೆ ಮಳೆಯವರೆಗೆ ಕೆರೆಯೊಂದೇ ಗತಿ. ಅದರ ನೀರನ್ನು ಊರಷ್ಟೇ ಅಲ್ಲ, ಬಿಸಿಲೂ ಕುಡಿಯುತ್ತದೆ.

ಎದುರು ಮನೆಯ ಅಕ್ಕ ನಮ್ಮ ವಾರ್ಡಿನ ಸದಸ್ಯೆ. ನಾನು ಒಬ್ಬಳೇ ಬಂದು ಮನೆ ಹೂಡಿದ ಹೊಸದರಲ್ಲಿ ತಿಂಗಳುಗಟ್ಟಲೆ ನನಗೆ ರೊಟ್ಟಿ, ಪುಂಡಿಪಲ್ಯ ಕಳಿಸಿದವರು. ಯುಗಾದಿ ಮುಗಿದ ಮೇಲೆ ಅವರ ಮಗಳ ಮದುವೆ ಮನೆ ಮುಂದೆಯೇ ಇತ್ತು. ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕೂತರು. ಚಪ್ಪರ, ಬೀಗರು, ಅಡಿಗೆಯವರು ಎಂದೆಲ್ಲ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು.

"ತಂಗೀ, ಮದಿವಿ ಹಿಂದಿನ ದಿನ ನಮ್ಮ ಓಣಿಗೆ ಸರದಿ ಇಲ್ಲ. ಒಂದ್ ತಾಸು ಬಿಡಸು. ಕೆರಿ ತುಂಬೇತಿ, ಏನ್ ಕಡಿಮಿ ಆಕೈತಿ?"

ಆಗಲೇ ಬೇರೆ ಮೂರು ಓಣಿಗಳಿಂದ ಇಂಥದೇ ಬೇಡಿಕೆ ಬಂದಿತ್ತು, ಎಲ್ಲರಿಗೂ ಇಲ್ಲವೆಂದಿದ್ದೆ.

"ಆಗಲ್ರೀ ಅಕ್ಕಾರ. ನಾಳೆ ಆ ಓಣಿಯೋರು ಬಂದು ಕೇಳಿದ್ರ ಏನಂತ ಹೇಳ್ಲಿ? ಇವರ ಮನಿ ರೊಟ್ಟಿ ಉಂಡೀನಿ, ಅದಕ್ಕ ಬಿಟ್ಟೀನಿ ಅನ್ಲೇನು?"

ಅವರು ಕಟ್ಟೆಯಿಂದ ಎದ್ದರು. "ಉಂಡಿದ್ದು ನೆನಪೈತಲ್ಲ ಮೇಡಮ್, ಅಷ್ಟು ಸಾಕು ಬಿಡ್ರಿ."

ಆ 'ಮೇಡಮ್' ನನಗೆ ಚುಚ್ಚಿತು. ಮದುವೆ ಮನೆಗಳಿಗೆಲ್ಲ ಕೊಡುತ್ತಿದ್ದಂತೆ ಬೋರಿನ ನೀರಿನ ಒಂದು ಟ್ಯಾಂಕರ್ ಕಳಿಸುತ್ತೇನೆಂದು ಹೇಳಿ ಕಳಿಸಿದೆ. ಬೇಡವೆಂದರು. ಮೈದುನನ ತೋಟದಿಂದ ಟ್ರ್ಯಾಕ್ಟರಿನಲ್ಲಿ ಡ್ರಮ್ಮು ತುಂಬಿಸಿ ತರಿಸಿಕೊಂಡರು. ನಾನು ಮದುವೆಗೆ ಹೋದೆ. ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಕೂತು ಉಂಡೆ. ಅಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ಗೋಧಿ ಹುಗ್ಗಿ ಬಡಿಸುತ್ತ ಬಂದರು, ನನ್ನ ಎಲೆಗೂ ಬಡಿಸಿದರು. ಮುಖ ನೋಡಲಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ. ಮರುದಿನದ ಸರದಿಯನ್ನು ಮಾತ್ರ ಬದಲಿಸಲಿಲ್ಲ.

ಮದುವೆಯ ಚಪ್ಪರ ಬಿಚ್ಚಿದ ಸ್ವಲ್ಪ ದಿನಕ್ಕೆ ನದಿ ಕೈಕೊಟ್ಟಿತು. ದಂಡೆಯ ಬಾವಿಯಲ್ಲಿ ಪಂಪು ನೀರಿಲ್ಲದೆ ಗಾಳಿ ಎಳೆಯತೊಡಗಿತು, ನಿಲ್ಲಿಸಿದೆವು. ಸರದಿಯನ್ನು ವಾರಕ್ಕೊಮ್ಮೆ ಮಾಡಿದೆ. ಮಾರನೆಯ ಬೆಳಿಗ್ಗೆ ಖಾಲಿ ಕೊಡ ಹಿಡಿದ ಹೆಂಗಸರು ಕಚೇರಿಯ ಮುಂದೆ ಬಂದು ಕೂತರು. ಮುಂದೆಯೇ ಅಕ್ಕ ಇದ್ದರು. ಒಳಗೆ ಕೂತು ಅಂಕಿ ಹೇಳಿದರೆ ಯಾರೂ ನಂಬುವಂತಿರಲಿಲ್ಲ. ಎರಡು ಟ್ರ್ಯಾಕ್ಟರ್ ತರಿಸಿ, ಬರ್ರಿ, ನೀವೇ ನೋಡ್ರಿ ಎಂದು ಎಲ್ಲರನ್ನೂ ಕೆರೆ ಏರಿಗೆ ಕರೆದೊಯ್ದೆ.

ನೀರಿನಲ್ಲಿ ನಿಂತ ಅಳತೆಯ ಕಂಬ ತೋರಿಸಿದೆ. ಕೆಳಗಿನ ಕೆಂಪು ಗೆರೆ ಮುಟ್ಟಿದರೆ ಉಳಿಯುವುದು ರಾಡಿ ಮಾತ್ರ, ಅದನ್ನು ಕುಡಿಯಲಾಗದು ಎಂದೆ. ಮೂರು ದಿನದ ಸರದಿಯನ್ನೇ ನಡೆಸಿದ್ದರೆ ಈ ಹೊತ್ತಿಗೆ ಆ ಗೆರೆಯಲ್ಲಿ ಇರುತ್ತಿದ್ದೆವು ಎಂದೂ ಹೇಳಿದೆ. ಹೆಂಗಸರು ಏರಿಯ ಅಂಚಿಗೆ ಬಂದು ಬಗ್ಗಿ ಕಂಬ ನೋಡಿದರು. ಆಮೇಲೆ ಅಕ್ಕ ಕೇಳಿದರು:

"ವಾರಕ್ಕೊಮ್ಮಿ ಬಿಟ್ರ ಮಳಿ ಬರೂತನಕ ಸಾಲತೈತೇನು?"

"ಸಾಲತೈತ್ರಿ. ಆದ್ರ ನಳಕ್ಕ ಮೋಟಾರ್ ಹಚ್ಚಿ ಎಳೆಯೋದು ನಿಲ್ಲಬೇಕು. ಮೋಟಾರಿನೋರು ಎಳಕೊಂಡ್ರ ಓಣಿ ತುದಿ ಮನಿಗೆ ಹನಿ ಹೋಗಂಗಿಲ್ಲ. ಆ ತುದಿ ಮನಿಗಂತ ಮತ್ತ ಹೆಚ್ಚು ಹೊತ್ತು ಬಿಡಬೇಕಾಕೈತಿ."

ನಳಕ್ಕೆ ಮೋಟಾರು ಹಚ್ಚಿದ ಮನೆಗಳಲ್ಲಿ ಅಕ್ಕನದೂ ಒಂದು. ಅದು ನನಗೂ ಗೊತ್ತಿತ್ತು, ಅಲ್ಲಿದ್ದ ಹೆಂಗಸರಿಗೂ ಗೊತ್ತಿತ್ತು. ಅಕ್ಕ ತಿರುಗಿ ಹೋಗಿ ಟ್ರ್ಯಾಕ್ಟರ್ ಹತ್ತಿದರು.

ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಅಕ್ಕ ತಮ್ಮ ಗಂಡನಿಂದ ಮೋಟಾರು ಬಿಚ್ಚಿಸಿ ಅಂಗಳದಲ್ಲಿ ಇಡಿಸಿದ್ದರು. ಮರುದಿನದಿಂದ ನಮ್ಮ ಸಿಬ್ಬಂದಿಯ ಜೊತೆ ಮೋಟಾರು ಬಿಚ್ಚಿಸಲು ತಾವೂ ಮನೆ ಮನೆಗೆ ನಡೆದರು. ಕೆಲವರು ಬೈದರು, ಕೆಲವರು ಬಾಗಿಲು ಹಾಕಿಕೊಂಡರು, ಅವರು ಮತ್ತೆ ಹೋಗಿ ಬಾಗಿಲು ಬಡಿದರು. ನನ್ನೊಡನೆ ಮಾತು ಕೆಲಸಕ್ಕೆ ಬೇಕಾದಷ್ಟೇ ಇತ್ತು. ನನಗೂ ಅದಕ್ಕಿಂತ ಹೆಚ್ಚು ಕೇಳುವ ಧೈರ್ಯವಿರಲಿಲ್ಲ.

ನೀರು ಕೆಂಪು ಗೆರೆಗೆ ಒಂದು ಗೇಣು ಮೇಲಿದ್ದಾಗ ನದಿಗೆ ಹೊಸ ನೀರು ಬಂತು. ಪಂಪು ಶುರುವಾಗಿ ಕೆರೆಯ ಬಾಯಿಯಲ್ಲಿ ಮಣ್ಣುಗೆಂಪು ನೀರು ಧುಮುಕುವುದನ್ನು ನೋಡಲು ಅಕ್ಕ ತಾವಾಗಿಯೇ ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಇಬ್ಬರೂ ಏರಿಯ ಮೇಲೆ ನಿಂತು ನೋಡಿದೆವು. ಮುಂದಿನ ಬೇಸಿಗೆಗಾಗಿ ಈ ದೀಪಾವಳಿಗೇ ಸರದಿ ಹಿಗ್ಗಿಸುತ್ತೇನೆ ಎಂದೆ.

"ಈಗಲೇ ಊರಿಗೆಲ್ಲ ಡಂಗೂರ ಹೊಡಸು," ಎಂದರು ಅಕ್ಕ. "ಆಮೇಲೆ ಜಗಳ ಆಗೋದು ಬ್ಯಾಡ."