ಬೆರಳಿನ ನೋವು, ಕೊರಳಿನ ಬೇರು

ಸೇಲಂನ ನೇಕಾರರ ಪೇಟೆ ಗುಗೈನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಾಲಿನವನ ಬೈಕು ಈಗಷ್ಟೇ ಓಣಿಯ ತುದಿ ತಿರುಗಿದೆ. ನೇಕಾರ ದಂಪತಿ ಲಕ್ಷ್ಮಣನ್ ಮತ್ತು ಶಾಂತಿಯವರ ಮಗ್ಗದ ಕೋಣೆಯಲ್ಲಿ ಟ್ಯೂಬ್‌ಲೈಟು ಉರಿಯುತ್ತಿದ್ದು, ಮಗ್ಗದ ಪಕ್ಕ ಚಾಪೆಯ ಮೇಲೆ ಕೂತ ಮಾರಕ್ಕ ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಕೈ ಮುಳುಗಿಸಿದ್ದಾರೆ. ಹೊಸದಾಗಿ ನೋಡುವವರು ಪಾತ್ರೆ ತೊಳೆಯಲು ಕೂತ ಹೆಂಗಸು ಅಂದುಕೊಂಡಾರು. ಬಕೆಟ್ಟಿನಲ್ಲಿ ಪಾತ್ರೆಯೂ ಇಲ್ಲ, ಬಟ್ಟೆಯೂ ಇಲ್ಲ. ಮರಗಟ್ಟಿದ ಹತ್ತು ಬೆರಳುಗಳನ್ನು ಅವರು ಎಬ್ಬಿಸುತ್ತಿದ್ದಾರೆ.

"ನಾನು ಎದ್ದು ಒಂದ್ ಗಂಟೆ ಆದ್ಮೇಲೆ ಇವು ಏಳ್ತವೆ" ಎನ್ನುತ್ತಾ ಮಾರಕ್ಕ ಬಲಗೈ ಮುಷ್ಟಿ ಕಟ್ಟಲು ನೋಡುತ್ತಾರೆ. ಕಿರುಬೆರಳು ಮಾತು ಕೇಳುವುದಿಲ್ಲ. ಉಳಿದವು ನಿಧಾನವಾಗಿ ಮಡಚಿಕೊಳ್ಳುತ್ತವೆ. "ಪರವಾಯಿಲ್ಲೆ. ಎಬ್ಬೆರಳೂ ತೋರ್‌ಬೆರಳೂ ಸೇರಿದ್ರೆ ನಂಗೆ ಸಾಕು."

ಸೆರಗಿಗೆ ಕೈ ಒರೆಸಿಕೊಂಡು ಅವರು ಸಣ್ಣ ಡಬ್ಬಿಯೊಂದನ್ನು ತೆರೆಯುತ್ತಾರೆ. ಒಳಗಿರುವುದು ಜರಡಿ ಹಿಡಿದ ಬೂದಿ. ಎಳೆ ಜಾರದಿರಲೆಂದು ಬೆರಳ ತುದಿಗೆ ಅದನ್ನು ಸವರಿಕೊಂಡು ಮಗ್ಗದ ಹಿಂಬದಿಗೆ ಸರಿಯುತ್ತಾರೆ. ಐದಾರು ತಿಂಗಳು ಮನೆಯಲ್ಲಿ ಕೂತಿದ್ದ ಕೈಗೆ ಇವತ್ತು ಮೊದಲ ಹಾಸು. ಈ ಕೈ ಇನ್ನು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದು ಇವತ್ತು ಸಂಜೆಯೊಳಗೆ ಗೊತ್ತಾಗಬೇಕು.

ಮಾರಕ್ಕನದು ಹಾಸು ಕೆಚ್ಚುವ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳನ್ನು ಕೂಡಿಸುವ ಕೆಲಸ. ರೇಷ್ಮೆ ಸೀರೆ ಉಟ್ಟವರಿಗೆ ನೇಕಾರ ಗೊತ್ತು, ಅಂಗಡಿಯವನು ಗೊತ್ತು. ಕೆಚ್ಚುವವರು ಯಾರಿಗೂ ಗೊತ್ತಿಲ್ಲ. ಮಗ್ಗದ ಮೇಲಿನ ಹಳೆಯ ಹಾಸು ಮುಗಿಯುತ್ತಾ ಬಂದಾಗ ನೇಕಾರ ಅದರ ತುದಿಯನ್ನು ಬಾಚಣಿಗೆಯಂಥ ಹಲ್ಲುಗಳ ಹಣಿಗೆಯಲ್ಲೇ ಉಳಿಸಿರುತ್ತಾನೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಬೆರಳಲ್ಲೇ ಹೊಸೆದು ಕೂಡಿಸಬೇಕು. ಗಂಟು ಹಾಕುವಂತಿಲ್ಲ, ಹಾಕಿದರೆ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಹಾಸಿನಲ್ಲಿ ನಾಲ್ಕೈದು ಸಾವಿರ ಎಳೆ. ಅಷ್ಟನ್ನೂ ಕೆಚ್ಚಿದ ಮೇಲೆ ಹಳೆಯದನ್ನು ಹಿಡಿದು ಎಳೆದರೆ ಅದರ ಬೆನ್ನಿಗೇ ಹೊಸದು ಹಣಿಗೆ ದಾಟಿ ಬರಬೇಕು. ಹೊಸೆತ ಸಡಿಲವಾಗಿದ್ದರೆ ಎಳೆ ಜಾರುತ್ತದೆ.

ಈ ಓಣಿಯ ನಾಲ್ಕಾರು ಕನ್ನಡದ ಮನೆಗಳಲ್ಲಿ ಒಂದು ರೂಢಿ ಇದೆ. ಕೆಚ್ಚಿದವರು ಹಾಸು ಎಳೆಯುವಾಗ ಅಲ್ಲಿರಬಾರದು. ಕೆಚ್ಚಿದವರ ಕಣ್ಣು ಬಿದ್ದರೆ ಎಳೆ ಕಡಿಯುತ್ತದೆ ಎನ್ನುವ ನಂಬಿಕೆ. ಹಾಗಾಗಿ ಕೊನೆಯ ಎಳೆ ಕೂಡಿದ ಕೂಡಲೇ ಮನೆಯಾಕೆ ಕಾಫಿ ಕೊಟ್ಟು, ಎಲೆ ಅಡಿಕೆ ಕೈಗಿಟ್ಟು ಕಳಿಸಿಕೊಡುತ್ತಾಳೆ. ಆಮೇಲೆಯೇ ಎಳೆಯುವುದು. ಹದಿನಾರರ ವಯಸ್ಸಿಗೆ ಬೂದಿ ಡಬ್ಬಿ ಹಿಡಿದ ಮಾರಕ್ಕನಿಗೆ ಈಗ ಐವತ್ತೆರಡು. ತಾವು ಕೆಚ್ಚಿದ ಒಂದು ಹಾಸು ಹಣಿಗೆ ದಾಟುವುದನ್ನೂ ಅವರು ಕಂಡಿರಲಿಲ್ಲ. ಈ ರೂಢಿಯೇ ಮುಂದೆ ಅವರಿಗೆ ಏಟು ಕೊಟ್ಟಿತು.

ಕೆಲಸ ಕಲಿಸಿದವರು ತಾಯಿ ಕಣ್ಣಮ್ಮ. ಮಾರಕ್ಕನ ಗಂಡ ಶಂಕಗಿರಿಯ ಲಾರಿ ಓಡಿಸುವವರು, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ಇಂದುಜಾ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಆಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದರಿಂದ ತೊಂದರೆಯಿಲ್ಲ. ಈ ಕೆಲಸ ಕಲಿಯುವ ಆಸೆ ಅವಳಿಗಿಲ್ಲ. ಮಾರಕ್ಕನೂ ಬಲವಂತ ಮಾಡಿದವರಲ್ಲ.

ಬೆರಳು ನೋಯಲು ಶುರುವಾಗಿ ಏಳೆಂಟು ವರ್ಷಗಳೇ ಆಗಿವೆ. ಮೊದಲು ಬೆಳಿಗ್ಗೆ ಮಾತ್ರ ಬಿಗಿ, ಆಮೇಲೆ ಗೆಣ್ಣು ಗೆಣ್ಣಿಗೂ ಊತ. ಮುಂಗೈ ಮರಗಟ್ಟಿ ಕಾಫಿ ಲೋಟ ಜಾರಿ ಬೀಳುವುದು, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುವುದು. ಓಣಿಯಲ್ಲಿ ಯಾರೂ ಇದನ್ನು ಕಾಯಿಲೆ ಅನ್ನಲಿಲ್ಲ. ಕೆಚ್ಚುವವರ ಬೆರಳು ಊದುವುದು ಕೈ ಪಳಗಿದ ಗುರುತು ಎಂದು ಅಲ್ಲಿಯ ಹಿರಿಯರ ಲೆಕ್ಕ. ಊದಿದ ಗೆಣ್ಣನ್ನು ಮುಟ್ಟಿ ನೋಡಿ, ಪರವಾಗಿಲ್ಲ, ಅಮ್ಮನ ಕೈ ಬಂದಿದೆ ಎಂದು ಮೆಚ್ಚಿದವರಿದ್ದಾರೆ. ನೋವು ತಿನ್ನುತ್ತಿದ್ದ ಕೈಯನ್ನು ಹೊಗಳಿ ಕಳಿಸಿದ್ದಾರೆ! ಮಾರಕ್ಕನೂ ಹೆಮ್ಮೆಪಟ್ಟುಕೊಂಡೇ ಎಣ್ಣೆ ತಿಕ್ಕಿಕೊಂಡರು.

ನಡುವೆ ಒಮ್ಮೆ ಓಣಿಯಲ್ಲಿ ಆರೋಗ್ಯ ಶಿಬಿರ ನಡೆದಿತ್ತು. ಯಾವಾಗಲೂ ಸುಸ್ತು, ಮೈ ಊದಿಕೊಂಡಿದೆ ಅಂದಿದ್ದಕ್ಕೆ ರಕ್ತ ತೆಗೆದು, ಥೈರಾಯ್ಡ್ ಇದೆ ಎಂದು ಮಾತ್ರೆ ಕೊಟ್ಟರು. ನಿಲ್ಲಿಸದೆ ತಿನ್ನಬೇಕೆಂದೂ ಹೇಳಿದ್ದರು. ಕೊಟ್ಟ ಮಾತ್ರೆಗಳು ಮುಗಿದವು, ಸುಸ್ತು ಕೊಂಚ ಇಳಿಯಿತು, ಮಾರಕ್ಕ ಅಲ್ಲಿಗೆ ಬಿಟ್ಟರು. "ಆಸು ಮುಗಿದ್ರೆ ಕೆಲ್ಸ ಮುಗೀತು ಅಲ್ವಾ. ಅಂಗೇ ಅಂದ್ಕಂಡೆ" ಎನ್ನುವಾಗ ಅವರ ಮುಖದಲ್ಲಿ ನಾಚಿಕೆಯಿದೆ. ಬೆರಳಿನ ವಿಷಯವನ್ನು ಶಿಬಿರದಲ್ಲಿ ಅವರು ಬಾಯಿಬಿಡಲೇ ಇಲ್ಲ. ಕೈ ಪಳಗಿರುವುದನ್ನು ಡಾಕ್ಟರಿಗೆ ಯಾಕೆ ಹೇಳಬೇಕು?

ಕಳೆದ ವರ್ಷ ಐಪ್ಪಸಿ ತಿಂಗಳ ಒಂದು ಸಂಜೆ ಎಲ್ಲವೂ ತಲೆಕೆಳಗಾಯಿತು. ಶಾಂತಿಯವರ ಮನೆಯಲ್ಲಿ ಹಾಸು ಕೆಚ್ಚಿ, ಕಾಫಿ ಕುಡಿದು, ಎಲೆ ಅಡಿಕೆ ಸೆರಗಿಗೆ ಕಟ್ಟಿಕೊಂಡು ಮಾರಕ್ಕ ಹೊರಟಿದ್ದಾರೆ. ಓಣಿಯ ತಿರುವಿನಲ್ಲಿ ಬೂದಿ ಡಬ್ಬಿ ಮರೆತದ್ದು ನೆನಪಾಗಿದೆ. ಅದು ತಾಯಿಯ ಡಬ್ಬಿ, ಎಲ್ಲಿಯೂ ಬಿಟ್ಟು ಬರುವ ವಸ್ತುವಲ್ಲ. ಹಿಂದಿರುಗಿ ಬಾಗಿಲು ತಳ್ಳಿದರೆ ಮಗ್ಗದ ಹಿಂದೆ ತಾವು ಎದ್ದ ಜಾಗದಲ್ಲೇ ಶಾಂತಿ ಕೂತಿದ್ದಾಳೆ. ಅದೇ ಡಬ್ಬಿಯ ಬೂದಿಯನ್ನು ಬೆರಳಿಗೆ ಸವರಿಕೊಂಡು, ಮಾರಕ್ಕ ಕೆಚ್ಚಿದ ಎಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾ, ಸಡಿಲವಾದದ್ದನ್ನು ಬಿಚ್ಚಿ ಮತ್ತೆ ಹೊಸೆಯುತ್ತಿದ್ದಾಳೆ. ಅವಳ ಗಂಡ ಲಕ್ಷ್ಮಣನ್ ಟಾರ್ಚ್ ಹಿಡಿದಿದ್ದಾನೆ.

ಮಾರಕ್ಕ ಹೊಸ್ತಿಲಲ್ಲೇ ನಿಂತರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಎಷ್ಟು ದಿನದಿಂದ ಎಂದಷ್ಟೇ ಕೇಳಿದರು. ಲಕ್ಷ್ಮಣನ್ ಟಾರ್ಚ್ ಆರಿಸಿದ. ಶಾಂತಿಯೇ ಹೇಳಿದಳು. "ಎರಡ್ ವರ್ಸ ಆಯ್ತಕ್ಕ. ಏಳಿದ್ರೆ ನೀನು ಬರೋದೇ ನಿಲ್ಲಿಸ್ಬುಡ್ತೀಯ ಅಂತ ಬಯ. ಅದ್ಕೇ ಏಳ್ಲಿಲ್ಲ."

ಅವತ್ತು ರಾತ್ರಿ ಮಾರಕ್ಕ ಊಟ ಮಾಡಲಿಲ್ಲ. ಬೆಳಗಾದ ಮೇಲೆ ತಾವು ಕೆಲಸ ಮಾಡುವ ಮನೆಗಳ ಬಾಗಿಲು ಬಾಗಿಲಿಗೂ ಹೋಗಿ ಕೇಳಿದರು. ಎಲ್ಲ ಕಡೆಯೂ ಅದೇ ಉತ್ತರ. ಅವರು ಹೊರಟ ಮೇಲೆ ಒಬ್ಬರಲ್ಲ ಒಬ್ಬರು ಕೂತು ಎಳೆಗಳನ್ನು ತಿರುಗಿ ಹೊಸೆಯುತ್ತಿದ್ದರು, ಆಮೇಲೆಯೇ ಹಾಸು ಎಳೆಯುತ್ತಿದ್ದರು. ಓಣಿಗೆ ಓಣಿಯೇ ಗೊತ್ತಿದ್ದ ಸಂಗತಿ ಅವರೊಬ್ಬರಿಗೆ ಗೊತ್ತಿರಲಿಲ್ಲ. ಮರ್ಯಾದೆಯಿಂದಲೇ ಮುಚ್ಚಿಟ್ಟಿದ್ದರು, ಕನಿಕರದಿಂದಲೇ ಸುಮ್ಮನಿದ್ದರು, ನಿಜ. ಆದರೆ ಎರಡು ವರ್ಷ ಒಬ್ಬ ಕೆಲಸಗಾರ್ತಿಗೆ ಅವಳ ಕೈ ಸೋತಿದೆ ಎಂದು ಒಬ್ಬರೂ ಹೇಳದಿದ್ದರೆ ಆ ಕನಿಕರಕ್ಕೆ ಏನೆನ್ನಬೇಕು? ಬೈದಿದ್ದರೂ ಅವರು ಎರಡು ವರ್ಷ ಮುಂಚೆಯೇ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದರು.

ಮಾರಕ್ಕ ಡಬ್ಬಿಯನ್ನು ದೇವರ ಗೂಡಿನ ಹಿಂದೆ ಇಟ್ಟುಬಿಟ್ಟರು. ಇನ್ನು ಮುಟ್ಟುವುದಿಲ್ಲ ಎಂದರು. ಆಸ್ಪತ್ರೆಗೆ ಎಳೆದುಕೊಂಡು ಹೋದವಳು ಇಂದುಜಾ. ಅಮ್ಮ ಬರುವುದಿಲ್ಲವೆಂದು ಹಟ ಹಿಡಿದರೆ, ಅಂಗಡಿಗೆ ರಜೆ ಹಾಕಿ ಬಾಗಿಲಲ್ಲೇ ಕೂತಳು.

ಕೀಲುನೋವಿನ ಡಾಕ್ಟರು ಪ್ರಣತಿ, ಸೇಲಂನಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಮಾರಕ್ಕ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಇದು ನಮ್ಮ ಕೆಲಸದಿಂದ ಬಂದ ನೋವು, ನಮ್ಮಮ್ಮನಿಗೂ ಇತ್ತು ಎಂದು ತಾವೇ ಕಾರಣ ಹೇಳಿದ್ದರು. ಡಾಕ್ಟರು ಗೆಣ್ಣುಗಳನ್ನು ಒತ್ತಿ ನೋಡಿದರು, ಮಾರಕ್ಕನ ಒಡೆದ ದನಿಯನ್ನು ಸ್ವಲ್ಪ ಹೊತ್ತು ಆಲಿಸಿದರು. "ಅಮ್ಮಾ, ಸ್ವಲ್ಪ ತಲೆ ಎತ್ತಿ. ನಿಮ್ಮ ಕೊರಳು ನೋಡಬೇಕು" ಎಂದರು.

ಬೆರಳು ನೋಯುತ್ತದೆ ಅಂದರೆ ಕೊರಳು ನೋಡುವ ಡಾಕ್ಟರನ್ನು ಮಾರಕ್ಕ ಕಂಡಿರಲಿಲ್ಲ. ರಕ್ತ ಪರೀಕ್ಷೆ ಬಂದ ಮೇಲೆ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೊರಳಿನ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುತ್ತಿದೆ. ಗ್ರಂಥಿ ಸೋತಾಗ ಮೈಯೆಲ್ಲ ನಿಧಾನವಾಗುತ್ತದೆ, ಕೀಲು ಬಿಗಿಯುತ್ತದೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಕೈ ಮರಗಟ್ಟುತ್ತದೆ. ಇಂಥವರಲ್ಲಿ ಕೆಲವರಿಗೆ ಕೀಲನ್ನೇ ತಿನ್ನುವ ಸಂಧಿವಾತವೂ ಜೊತೆಗೂಡುವುದುಂಟು. ಹಾಗಾಗಿ ಅದನ್ನೂ ಪರೀಕ್ಷೆ ಮಾಡಿಸಿದರು. ಸದ್ಯಕ್ಕೆ ಅದರ ಗುರುತಿಲ್ಲ, ಕಣ್ಣಿಟ್ಟಿರಬೇಕು ಅಂದರು. ದಿನವಿಡೀ ಕೆಚ್ಚುವ ಕೆಲಸ ನೋವನ್ನು ಹೆಚ್ಚಿಸಿದೆ, ನಿಜ, ಆದರೆ ನೋವಿನ ಬೇರು ಇರುವುದು ಕೊರಳಿನಲ್ಲಿ.

 ಮಾರಕ್ಕನ ಮೊದಲ ಗಾಬರಿ ಇಳಿಯುವ ಮುಂಚೆಯೇ ಡಾಕ್ಟರು ಇನ್ನೊಂದು ಕೇಳಿದರು: ಇದು ಮನೆತನದಲ್ಲಿ ಬರುವುದುಂಟು, ನಿಮ್ಮ ತಾಯಿಗೆ ಏನೇನಿತ್ತು? ಮಾರಕ್ಕ ಹೇಳುತ್ತಾ ಹೋದರು. ಕೊರಳು ದಪ್ಪಗಿತ್ತು. ದನಿ ಗಂಡಸಿನ ಹಾಗಿತ್ತು. ಬಿಸಿಲಲ್ಲೂ ಕಂಬಳಿ ಹೊದೆಯುತ್ತಿದ್ದಳು. ಕೂತಲ್ಲಿ ಕೂತಲ್ಲೇ ನಿದ್ದೆ. ಕಡೆಕಡೆಗೆ ಎಳೆ ಹಿಡಿಯಲಾಗದೆ ಕೆಲಸ ಬಿಟ್ಟಳು, ಮನೆಯವರೆಲ್ಲ ಸೋಮಾರಿ ಅಂದರು. ಹೇಳುತ್ತಾ ಹೇಳುತ್ತಾ ಅವರ ಕೈ ತಮ್ಮ ಕೊರಳಿಗೇ ಹೋಯಿತು. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು, ಆದರೆ ಅವರಿಗೂ ಇದೇ ಇದ್ದಿರಬಹುದು ಎಂದರು ಡಾಕ್ಟರು.

"ಸಾಯೋವರ್ಗೂ ನಮ್ಮವ್ವನ್ನ ಸೋಂಬೇರಿ ಅಂದೋ" ಎಂದು ಮಾರಕ್ಕ ಇವತ್ತಿಗೂ ಅದೇ ಬೆರಗಿನಲ್ಲಿ ಹೇಳುತ್ತಾರೆ. "ಅವಳ್ ಕೈ ಮುಟ್ಟಿ ಒಬ್ರೂ ಕೇಳ್ಲಿಲ್ಲ."

ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ಮಾತ್ರೆ. ಕಾಫಿ ಒಂದು ಗಂಟೆ ತಡವಾಗಿ. ಎದ್ದೊಡನೆ ಕಾಫಿ ಕುಡಿದು ರೂಢಿಯಾದ ನೇಕಾರರ ಮನೆಯಲ್ಲಿ ಇದೇ ದೊಡ್ಡ ಶಿಕ್ಷೆ. ಮಾತ್ರೆಯನ್ನು ಈ ಸಲ ನಿಲ್ಲಿಸುವಂತಿಲ್ಲ, ಅದಕ್ಕೆ ಇಂದುಜಾ ಕಾವಲು. ಅವಳೂ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಾಳೆ, ಏನೂ ಇಲ್ಲ. ರಾತ್ರಿ ಮಣಿಕಟ್ಟಿಗೆ ಪಟ್ಟಿ, ಬೆಳಿಗ್ಗೆ ಬಿಸಿನೀರು, ಬೆರಳಿಗೆ ವ್ಯಾಯಾಮ. ಪವಾಡವೇನೂ ಆಗಿಲ್ಲ. ರಕ್ತದ ಲೆಕ್ಕ ಸರಿಯಾದರೂ ಕೆಲವರಿಗೆ ಕೀಲುನೋವು ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಊತ ಇಳಿದಿದೆ, ಲೋಟ ಜಾರುವುದು ನಿಂತಿದೆ, ಹೆಬ್ಬೆರಳಿಗೆ ಹಿಡಿತ ಬಂದಿದೆ. ಕಿರುಬೆರಳು ಮಾತ್ರ ಬಾಗಿದ್ದು ಬಾಗಿಯೇ ಇದೆ.

ಕೈ ಹದಕ್ಕೆ ಬಂದ ಸುದ್ದಿ ತಿಳಿದು ಶಾಂತಿ ಮನೆಗೇ ಬಂದು ಕರೆದಳು. ಡಬ್ಬಿ ಮುಟ್ಟುವುದಿಲ್ಲ ಅಂದಿದ್ದ ಮಾರಕ್ಕ ಒಂದು ವಾರ ಯೋಚಿಸಿದರು. ಆಮೇಲೆ ಒಂದು ಷರತ್ತು ಹಾಕಿ ಒಪ್ಪಿಕೊಂಡರು.

ಆ ಷರತ್ತು ಏನೆಂದು ತಿಳಿಯುವುದು ಸಂಜೆಗೆ. ನಡುನಡುವೆ ಎದ್ದು ಬಿಸಿನೀರಿಗೆ ಕೈ ಅದ್ದಿ, ಬೆರಳು ನೀವಿಕೊಂಡು ಮಾರಕ್ಕ ದಿನವೆಲ್ಲ ಕೆಚ್ಚಿದ್ದಾರೆ. ಹಿಂದಿನ ವೇಗವಿಲ್ಲ. ಕೊನೆಯ ಎಳೆ ಕೂಡಿದಾಗ ಹೊರಗೆ ದೀಪ ಹಚ್ಚುವ ಹೊತ್ತು. ಶಾಂತಿ ರೂಢಿಯಂತೆ ಕಾಫಿ ತರುತ್ತಾಳೆ, ಎಲೆ ಅಡಿಕೆ ನೀಡುತ್ತಾಳೆ. ಮಾರಕ್ಕ ಎರಡನ್ನೂ ತೆಗೆದುಕೊಂಡು ಪಕ್ಕಕ್ಕಿಟ್ಟು, ಹೊರಡುವ ಬದಲು ಗೋಡೆಗೆ ಒರಗಿ ಕೂರುತ್ತಾರೆ. ಅದೇ ಷರತ್ತು.

ಲಕ್ಷ್ಮಣನ್ ತಾಯಿ ಒಳಗಿನಿಂದ ಏನೋ ಗೊಣಗುವುದು ಕೇಳಿಸುತ್ತದೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಲಕ್ಷ್ಮಣನ್ ಹಾಸಿನ ಹಳೆಯ ತುದಿ ಹಿಡಿದು ಎಳೆಯತೊಡಗುತ್ತಾನೆ. ಬೂದಿ ಮೆತ್ತಿದ ಕೆಚ್ಚಿನ ಸಾಲು ಅಂಗುಲ ಅಂಗುಲವಾಗಿ ಹಣಿಗೆಯ ಕಡೆಗೆ ಸರಿಯುತ್ತದೆ. ಮಾರಕ್ಕನ ಕಣ್ಣು ರೆಪ್ಪೆ ಹಾಕುವುದಿಲ್ಲ. ಮೂವತ್ತಾರು ವರ್ಷ ಕೈಯಲ್ಲಿ ಮಾಡಿದ್ದನ್ನು ಕಣ್ಣಲ್ಲಿ ಮೊದಲ ಸಲ ನೋಡುತ್ತಿದ್ದಾರೆ. ಸಾಲು ಹಣಿಗೆ ಹೊಕ್ಕು, ಆಚೆ ಬದಿಗೆ ಹೊಸ ಎಳೆಗಳು ಮೆಲ್ಲಗೆ ಮೂಡುತ್ತವೆ.

ಎಡ ಅಂಚಿನಲ್ಲಿ ಒಂದೆರಡು ಎಳೆ ಜಾರಿ ಹಿಂದೆಯೇ ಉಳಿದಿವೆ. ಕಂಡದ್ದು ಶಾಂತಿಗೆ. ಅಭ್ಯಾಸಬಲದಿಂದ ಆಕೆಯ ಕೈ ಬೂದಿ ಡಬ್ಬಿಯ ಕಡೆಗೆ ಹೋಗುತ್ತದೆ, ಬಾಯಿ ಮಾತ್ರ ಮುಚ್ಚಿಯೇ ಇದೆ. ಮಾರಕ್ಕ ಎದ್ದು ಬಂದು ಡಬ್ಬಿಯನ್ನು ಅವಳ ಕೈಯಿಂದ ಬಿಡಿಸಿಕೊಳ್ಳುತ್ತಾರೆ. ಬಾಗಿದ ಕಿರುಬೆರಳನ್ನು ಪಕ್ಕಕ್ಕೆ ಸರಿಸಿ, ಜಾರಿದ ಎಳೆಯನ್ನು ಹುಡುಕಿ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಹೊಸೆಯುತ್ತಾರೆ.

"ಇನ್ಮೇಲೆ ನನ್ ಕೈ ಬುಟ್ಟ ಎಳೇನ ನಂಗೇ ಏಳು ಶಾಂತಿ" ಎನ್ನುತ್ತಾರೆ, ತಲೆ ಎತ್ತದೆ. "ನಮ್ಮವ್ವಂಗೆ ಯಾರೂ ಏಳ್ಲಿಲ್ಲ."