ಮೆಟ್ಟಿಲಿಗೆ ಹಿಡಿದ ಛತ್ರಿ

ಅಟ್ಟದಿಂದ ದೊಡ್ಡ ಛತ್ರಿ ಇಳಿಸಿ ಬಿಚ್ಚಿದೆ ನೋಡಿ, ಒಂದು ಒಣಗಿದ ಜಿರಲೆ ಬಿತ್ತು, ಜೊತೆಗೆ ಹರಳೆಣ್ಣೆಯ ಕಮಟು ವಾಸನೆ ಬಂತು. ತಲೆಗೆ ಹಚ್ಚುವ ಎಣ್ಣೆ ಛತ್ರಿಗೆ ಹೇಗೆ ಹತ್ತಿತು ಅಂತ ನಿಮಗೆ ಅನ್ನಿಸಬಹುದು. ಅದು ನನ್ನ ಬುದ್ಧಿವಂತಿಕೆಯ ಗುರುತು. ಆರು ವರ್ಷವಾದರೂ ಹೋಗಿಲ್ಲ.

ಛತ್ರಿ ಬೇಕಾಗಿರುವುದು ಶನಿವಾರಕ್ಕೆ. ಶ್ರಾವಣದ ಮೊದಲ ಶನಿವಾರ ಕರೀಘಟ್ಟಕ್ಕೆ ಹೋಗಿ ಶ್ರೀನಿವಾಸನ ದರ್ಶನ ಮಾಡಿ ಬರೋಣ ಅಂತ ಮನೆಯಲ್ಲಿ ಮಾತಾಗಿದೆ. ನಾವಿರುವುದು ಪಾಂಡವಪುರದಲ್ಲಿ. ಬಸ್ಸು ಹತ್ತಿದರೆ ಶ್ರೀರಂಗಪಟ್ಟಣ, ಅಲ್ಲಿಂದ ಆಟೋ ಹಿಡಿದರೆ ಬೆಟ್ಟದ ಬುಡ. ಇಷ್ಟಕ್ಕೆ ಎಂಥ ತಯಾರಿ ಅನ್ನಬೇಡಿ. ಮಳೆಗಾಲದಲ್ಲಿ ಮನೆಮಂದಿಯನ್ನೆಲ್ಲ ಹೊರಡಿಸುವವಳಿಗೆ ಗೊತ್ತು ಅದರ ಕಷ್ಟ. ಹೋದ ತಿಂಗಳ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟಿದ್ದೇನೆ: ತುಳಸಿ ಹಾರ, ಕಾಯಿ, ಮೊಸರನ್ನ, ಉಪ್ಪಿನಕಾಯಿ ಬೇರೆ ಡಬ್ಬಿಯಲ್ಲಿ, ಅತ್ತೆಗೆ ಒಂದು ಒಣ ಸೀರೆ. ಆಮೇಲೆ ‘ಎಷ್ಟು ಜನ’ ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದೇನೆ. ಅದು ತುಂಬದೆ ಎಷ್ಟು ಅಕ್ಕಿ ಇಡಬೇಕು ಅನ್ನುವುದೂ ತಿಳಿಯುವುದಿಲ್ಲ.

ಆ ಖಾಲಿ ಜಾಗ ನಮ್ಮ ಸೊಸೆ ರೂಪಳದು. ಅವಳಿಗೆ ಇದು ಮದುವೆಯಾದ ಮೊದಲ ಆಷಾಢ. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ನಮ್ಮ ಕಡೆ ಹೊಸ ಸೊಸೆಯನ್ನು ತವರಿಗೆ ಕಳಿಸುತ್ತೇವೆ. ನಾಗಮಂಗಲಕ್ಕೆ ಹೋದಳು. ಆಷಾಢ ಮುಗಿದು ನಾಲ್ಕು ದಿನವಾಯಿತು, ಬಂದಿಲ್ಲ. ಮಗನನ್ನು ಕೇಳಿದರೆ “ನೆಗಡಿಯಂತೆ ಕಣಮ್ಮ” ಅನ್ನುತ್ತಾನೆ. ನೆಗಡಿಯಲ್ಲ ಅಂತ ನನಗೆ ಗೊತ್ತು. ಹೊರಡುವ ದಿನ ಬೆಳಿಗ್ಗೆ ಅವಳು ಹಾಲು ಉಕ್ಕಿಸಿಬಿಟ್ಟಳು. ನಾನು, “ನಿಮ್ಮಮ್ಮ ಹಾಲು ಕಾಯಿಸೋದೂ ಕಲಿಸಲಿಲ್ವಾ?” ಅಂದೆ. ಅವಳು ಒಲೆ ಒರೆಸಿ, ಬಟ್ಟೆ ಹಿಂಡಿ ಒಣಹಾಕಿ, ಬ್ಯಾಗು ಎತ್ತಿಕೊಂಡಳು.

ಇರಲಿ, ಛತ್ರಿಗೆ ಬರುತ್ತೇನೆ.

ಆರು ವರ್ಷದ ಹಿಂದೆ ನಮ್ಮತ್ತೆಯ ಎರಡು ಮಂಡಿಯೂ ಸವೆದುಹೋಗಿದ್ದವು. ಮೈಸೂರಿನ ಡಾಕ್ಟರು ಗೌರಿಹಬ್ಬ ಕಳೆದ ಮೇಲೆ ಆಪರೇಷನ್ನಿಗೆ ದಿನ ಕೊಟ್ಟರು. ಆಮೇಲೆ ಮೆಟ್ಟಿಲುಗಿಟ್ಟಿಲು ಹತ್ತುವ ಹಾಗಿಲ್ಲ ಅಂತಲೂ ಹೇಳಿದರು. ಮನೆಗೆ ಬಂದು ಕಾಫಿ ಕುಡಿದವರೇ ಅತ್ತೆ ನಮ್ಮ ಯಜಮಾನರನ್ನು ಕರೆದರು.

“ಅಷ್ಟ್ರೊಳಗೆ ಕರೀಗಟ್ಟದ ಅರಕೆ ತೀರುಸ್ಬುಡ್ಬೇಕು ಕಣ್ಲಾ. ಬುಡದಿಂದ ತುದೀಗಂಟ ಎಲ್ಲಾ ಮೆಟ್ಲಿಗೂ ಅರಿಸ್ನ ಕುಂಕುಮ ಇಡುಸ್ತೀನಿ ಅಂದಿದ್ದೆ.”

“ಇದ್ಯಾವಾಗ ಹೊತ್ಕೊಂಡೆ? ಯಾಕಮ್ಮ?”

ಅತ್ತೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಂದು ಸಲ ನೋಡಿದರು. “ಯಾವಾಗ್ಲೋ, ಯಾತುಕ್ಕೋ. ನಿನ್ಗ್ಯಾಕೆ?”

“ಮಳೆ ನಿಲ್ಲೋ ಹಾಗಿಲ್ಲ. ಮೇಲ್ಗಂಟ ರಸ್ತೆ ಇದೆ, ಆಟೋ ಹೋಗುತ್ತೆ. ಮೇಲೆ ಇಳಿದು ನಾಲ್ಕು ಮೆಟ್ಟಿಲಿಗೆ ಇಟ್ಟರೆ ಸಾಲದಾ?”

“ನಾನು ಅರಕೆ ಒತ್ತಿದ್ದು ಮೆಟ್ಲಿಗೆ, ಆಟೋಗಲ್ಲ.”

ಅಲ್ಲಿಗೆ ಮಾತು ಮುಗಿಯಿತು, ನನ್ನ ತಯಾರಿ ಶುರುವಾಯಿತು. ಶ್ರಾವಣದ ಶನಿವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದಕ್ಕೆ ಗುರುವಾರ ಅಂತ ಮಾಡಿದೆವು. ಮೆಟ್ಟಿಲು ಎಷ್ಟು ಅಂತ ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹತ್ತಿದವರ ಲೆಕ್ಕಕ್ಕಿಂತ ಹತ್ತದವರದೇ ಜಾಸ್ತಿ ಇತ್ತು. ದೊಡ್ಡ ಪ್ರಶ್ನೆ ಮಳೆಯದು. ಅರಿಶಿನ ಇಟ್ಟ ಹಿಂದೆಯೇ ತೊಳೆದುಹೋದರೆ ಅದು ಇಟ್ಟ ಹಾಗಾಯಿತೇ? ಯೋಚನೆ ಮಾಡಿ ಮಾಡಿ, ಅರಿಶಿನವನ್ನು ಹರಳೆಣ್ಣೆಯಲ್ಲಿ ಕಲಸಿದೆ. ಎಣ್ಣೆ ಇದ್ದ ಕಡೆ ನೀರು ನಿಲ್ಲುವುದಿಲ್ಲವಲ್ಲ. ಒಂದು ಡಬ್ಬಿ ತುಂಬ ಕಲಸಿ, ಈ ಮನೆಯಲ್ಲಿ ಇಂಥ ಉಪಾಯ ಬೇರೆ ಯಾರಿಗೆ ಹೊಳೆದೀತು ಅಂದುಕೊಂಡು ಮಲಗಿದೆ.

ಬೆಟ್ಟದ ಬುಡ ಮುಟ್ಟಿದಾಗ ಜಡಿಮಳೆ. ಯಜಮಾನರು ಕೆಳಗೆ ಆಟೋದಲ್ಲೇ ಕೂತರು. ನಾನು ಅತ್ತೆಯ ತಲೆಯ ಮೇಲೆ ಛತ್ರಿ ಹಿಡಿದೆ.

“ನನ್ ತಲೆಗ್ಯಾಕೆ? ನಾನೇನು ಬೆಲ್ಲವಾ ಕರಗೋಗಕ್ಕೆ? ಮೆಟ್ಲಿಗಿಡಿ!”

ಹಾಗೆ ನಾವಿಬ್ಬರೂ ನೆನೆಯುತ್ತ, ಮೆಟ್ಟಿಲನ್ನು ನೆನೆಯದ ಹಾಗೆ ನೋಡಿಕೊಂಡೆವು. ಅವರು ಮೆಟ್ಟಿಲ ಮೇಲೆ ಕೂತು ಅರಿಶಿನ ಬಳಿಯುವುದು, ನಾನು ಒಂದು ಕೈಯಲ್ಲಿ ಛತ್ರಿ ಹಿಡಿದು ಇನ್ನೊಂದರಲ್ಲಿ ಕುಂಕುಮ ಇಡುವುದು. “ಕುಂಕ್ಮ ನೀನೇ ಇಡ್ಬೇಕು” ಅಂತ ಮೂರು ಸಲ ಹೇಳಿದರು. ಬಗ್ಗಲಾರದೆ ಹೇಳುತ್ತಿದ್ದಾರೆ ಅಂದುಕೊಂಡೆ.

ಎಣ್ಣೆ ಅರಿಶಿನ ಮಾತ್ರ ಬಂಗಾರದ ಹಾಗೆ ಕೂತಿತು. ಇಪ್ಪತ್ತು ಮೆಟ್ಟಿಲಾಗಿರಬೇಕು. ದರ್ಶನ ಮುಗಿಸಿ ಇಳಿದು ಬರುತ್ತಿದ್ದ ಒಬ್ಬ ಸಣಕಲು ಮನುಷ್ಯ ನಮ್ಮನ್ನು ದಾಟಿ ಎರಡು ಹೆಜ್ಜೆ ಇಟ್ಟಿದ್ದೇ ತಡ, ಜರ್ರನೆ ಜಾರಿ ಕೂತು, ಕೂತಲ್ಲಿಂದ ಮೂರು ಮೆಟ್ಟಿಲು ಇಳಿದ.

“ಯಾವ್ ಪುಣ್ಯಾತ್ಗಿತ್ತಿರವ್ವಾ ಮೆಟ್ಲಿಗೆ ಎಣ್ಣೆ ಸವರಿರೋರು? ಈಗಿನ್ನ ಸ್ವಾಮಿ ದರ್ಸನ ಆಗೈತೆ, ಯಮನ ದರ್ಸನಾನೂ ಇವತ್ತೇ ಮಾಡುಸ್ತೀರಾ?”

ಅತ್ತೆ ಒಂದು ಕ್ಷಣವೂ ತಡೆಯದೆ ನನ್ನ ಕಡೆ ಬೆರಳು ತೋರಿಸಿದರು. “ಇವ್ಳು ಕಣಪ್ಪ. ಓದಿರೋಳು.”

ಅವನ ಬಿಳಿ ಪಂಚೆಯ ಹಿಂಭಾಗವೆಲ್ಲ ಹಳದಿಯಾಗಿತ್ತು. ಮೂಳೆ ಮುರಿಯಲಿಲ್ಲ, ಪುಣ್ಯ. ಕೊನೆಗೆ ಅವನೇ, “ಎಂಡ್ತಿ ಕೇಳಿದ್ರೆ ಏನಂತ ಯೋಳ್ಲಿ” ಅಂತ ನಗುತ್ತ ಹೋದ. ನಾನು ಆ ಇಪ್ಪತ್ತು ಮೆಟ್ಟಿಲನ್ನೂ ಅತ್ತೆಗೆಂದು ತಂದಿದ್ದ ಒಣ ಸೀರೆಯಲ್ಲಿ ಉಜ್ಜಿ ಒರೆಸಿ, ಮತ್ತೆ ಬುಡದಿಂದ ಪೊಟ್ಟಣದಲ್ಲಿದ್ದ ಬರಿ ಪುಡಿಯಲ್ಲೇ ಇಡುತ್ತ ಬಂದೆ. ಛತ್ರಿಯ ಹಿಡಿಗೆ ವಾಸನೆ ಹತ್ತಿದ್ದು ಆವಾಗಲೇ.

ಅರ್ಧ ದಾರಿಯೂ ಆಗಿರಲಿಲ್ಲ, ಅತ್ತೆಯ ಮಂಡಿ ಸೋತಿತು. ಪಕ್ಕದ ಬಂಡೆಯ ಮೇಲೆ ಕೂತವರು ಏಳಲಿಲ್ಲ. ಮುಖ ನೋಡಿದರೆ ಅಳು ಬರುವ ಹಾಗಿತ್ತು. ಆ ಮುಖವನ್ನು ನಾನು ಹಾಗೆ ಕಂಡದ್ದೇ ಇಲ್ಲ.

“ಇಷ್ಟು ಸಾಕು ಅತ್ತೆ. ದೇವರಿಗೆ ಗೊತ್ತಾಗಲ್ವಾ? ಅಷ್ಟಕ್ಕೂ ಇದು ಯಾತರ ಹರಕೆ ಹೇಳಿ.”

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನನ್ನು ನೋಡದೆ ಕೆಳಗಿನ ಹೊಳೆಯ ಕಡೆ ನೋಡುತ್ತ ಹೇಳಿದರು. “ನೀನು ಮೊದುಲ್ನೆ ಆಸಾಡುಕ್ಕೆ ಓದೋಳು ಬರ್ನೇ ಇಲ್ವಲ್ಲ, ಆವಾಗಿಂದು.”

ನನಗೆ ನೆನಪಿಲ್ಲದೆ ಏನು? ಮದುವೆಯಾದ ವರ್ಷ ನಾನು ಕೃಷ್ಣರಾಜಪೇಟೆಯ ತವರಿಗೆ ಹೋಗುವ ಹಿಂದಿನ ದಿನ ಮುದ್ದೆ ಗಂಟುಗಂಟಾಗಿತ್ತು. “ನಿಮ್ಮವ್ವ ಮುದ್ದೆ ತಿರುವೋದೂ ಕಲಿಸ್ನಿಲ್ವಾ?” ಅಂದಿದ್ದರು ಅತ್ತೆ. ಶ್ರಾವಣ ಬಂತು, ಗೌರಿಹಬ್ಬ ಬಂತು, ನಾನು ಬರಲಿಲ್ಲ. ನವರಾತ್ರಿಗೆ ನಾನಾಗೇ ಬಸ್ಸು ಹತ್ತಿ ಬಂದೆ. ನಾನೇ ದೊಡ್ಡ ಮನಸ್ಸು ಮಾಡಿ ಬಂದೆ ಅಂತ ಅಲ್ಲಿಂದೀಚೆಗೆ ಎಷ್ಟು ಮದುವೆಮನೆಗಳಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ.

“ನವರಾತ್ರಿ ಒಳಗೆ ಉಡ್ಗಿ ಬಂದ್ರೆ ಅವ್ಳ ಕೈಲೇ ಕುಂಕ್ಮ ಇಡುಸ್ತೀನಿ ಅಂದ್ಕಂಡೆ. ಬಂದೆ ನೀನು. ಇಡುಸ್ಬೇಕು ಅಂದ್ರೆ ಯಾಕೆ ಅಂತ ಯೋಳ್ಬೇಕಲ್ಲ. ನಾಚ್ಕೆ ಆಯ್ತು. ಇವತ್ತು ನಾಳೆ ಅಂತ ಇಷ್ಟ್ ವರ್ಸ ಆಯ್ತು.”

“ನಾನು ಬರದಿದ್ರೇ ಒಳ್ಳೇದು ಅಂತಿದ್ರೇನೋ ಅಂದ್ಕೊಂಡಿದ್ದೆ ಅತ್ತೆ. ಬಾ ಅಂತ ಒಂದು ಕಾಗದ ಬರೆಸಿದ್ರೆ ಆಗ್ತಿತ್ತಲ್ಲ.”

“ಆಗ್ತಿತ್ತು. ಅದುಕ್ಕಿಂತ ಈ ಮೆಟ್ಲೇ ಸಲೀಸು ಅನ್ನುಸ್ತು ಕಣೇ.”

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮಳೆ ಇದ್ದದ್ದು ಒಳ್ಳೆಯದೇ ಆಯಿತು. ನನ್ನ ದೊಡ್ಡ ಮನಸ್ಸು ಅಂದುಕೊಂಡದ್ದನ್ನೆಲ್ಲ ಅಲ್ಲಿಯೇ, ಆ ಬಂಡೆಯ ಪಕ್ಕದಲ್ಲೇ ಸ್ವಾಮಿಗೆ ಒಪ್ಪಿಸಬೇಕಾಯಿತು. ಅತ್ತೆ ಅರಿಶಿನದ ಪೊಟ್ಟಣವನ್ನು ನನ್ನ ಕೈಗೆ ಇಟ್ಟರು.

“ಮಿಕ್ಕಿದ್ದು ನೀನೇ ಇಟ್ಕಂಡೋಗು. ಅರಕೆ ಒತ್ತೋಳು ನಾನಾದ್ರೂ ಬಂದೋಳು ನೀನು ತಾನೆ?”

ನಾನು ಫೋನು ಮಾಡಿದ ಮೇಲೆ ಯಜಮಾನರು ಬಂದು ಅತ್ತೆಯನ್ನು ನಿಧಾನವಾಗಿ ಕೆಳಗಿಳಿಸಿ, ಆಟೋದಲ್ಲಿ ರಸ್ತೆ ಸುತ್ತಿಸಿಕೊಂಡು ಮೇಲಕ್ಕೆ ಕರೆತಂದರು. ನಾನು ಛತ್ರಿಯನ್ನು ಒಂದೊಂದೇ ಮೆಟ್ಟಿಲಿಗೆ ಹಿಡಿಯುತ್ತ, ಒಂದೊಂದಕ್ಕೂ ಅರಿಶಿನ, ಕುಂಕುಮ ಇಡುತ್ತ ಹತ್ತಿದೆ. ಗುಡಿಯ ಬಾಗಿಲು ಹಾಕುವುದರೊಳಗೆ ಮುಟ್ಟಿದೆ, ಅದೂ ಪುಣ್ಯವೇ. ಕಪ್ಪು ಶಿಲೆಯ ಸ್ವಾಮಿಯ ಮುಂದೆ ಅತ್ತೆ ಸೊಸೆ ಇಬ್ಬರೂ ನೀರು ಸುರಿಸಿಕೊಂಡು ನಿಂತೆವು. ಹೊರಗೆ ಬಂದು ಬಗ್ಗಿ ನೋಡಿದರೆ ಮೆಟ್ಟಿಲ ಮೇಲೆ ಒಂದು ಚುಕ್ಕೆಯೂ ಉಳಿದಿರಲಿಲ್ಲ. ನಾನು ಪೇಚಾಡಿಕೊಂಡೆ. “ಇಟ್ಟಿದ್ದುನ್ನ ಅವ್ನು ನೋಡಿದ್ನಲ್ಲ, ಬುಡು” ಅಂದರು ಅತ್ತೆ, ಮೊಸರನ್ನದ ಡಬ್ಬಿ ಬಿಚ್ಚುತ್ತ.

ಆಪರೇಷನ್ನು ಸ್ವಾಮಿಯ ದಯದಿಂದ ಸರಿಹೋಯಿತು. ಈಗ ಅತ್ತೆ ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಕಿವಿ ಮಾತ್ರ ಚುರುಕು.

ಛತ್ರಿಯ ಹಿಡಿಯನ್ನು ಸೀಗೆಪುಡಿ ಹಾಕಿ ತಿಕ್ಕುತ್ತ ಇದೆಲ್ಲ ನೆನೆದುಕೊಂಡೆ. ಹಾಲು ಕಾಯಿಸೋದೂ ಕಲಿಸಲಿಲ್ವಾ, ಮುದ್ದೆ ತಿರುವೋದೂ ಕಲಿಸ್ನಿಲ್ವಾ. ಅತ್ತೆಯಿಂದ ನಾನು ಎಷ್ಟೋ ಕಲಿತಿದ್ದೇನೆ ಅಂತ ಹೇಳಿಕೊಳ್ಳುತ್ತಿದ್ದೆ, ಕಲಿತದ್ದು ಇದನ್ನೇ. ರೂಪ ಬಂದರೆ ಮೆಟ್ಟಿಲಿಗೆಲ್ಲ ಕುಂಕುಮ ಇಡಿಸುತ್ತೇನೆ ಅಂತ ಬಾಯಿಗೆ ಬಂದೇ ಬಿಟ್ಟಿತ್ತು. ತಡೆದೆ. ಕೈ ಒರೆಸಿಕೊಂಡು ಫೋನು ಮಾಡಿದೆ.

“ಶನಿವಾರ ಕರೀಘಟ್ಟಕ್ಕೆ ಹೋಗ್ಬೇಕು ಅಂತ ಇದೀವಿ. ನೀನು ಬರ್ಬೇಕು ಕಣಮ್ಮ.”

“ಏನಾದ್ರೂ ಹರಕೆ ಇದೆಯಾ ಅತ್ತೆ?”

“ಹರಕೆ ಎಂಥದೂ ಇಲ್ಲ. ನೀನಿಲ್ಲದೆ ಮನೆ ಬಿಕೋ ಅಂತಿದೆ. ಅವತ್ತು ಹಾಲಿನ ವಿಷಯಕ್ಕೆ ನಾನು ನಿಮ್ಮಮ್ಮನ ಹೆಸರು ಎತ್ತಬಾರದಿತ್ತು. ತಪ್ಪಾಯ್ತು. ಬಾ.”

“ನಾಳೇನೇ ಬರ್ತೀನಿ ಅತ್ತೆ,” ಅಂದಳು. ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ನೆಗಡಿಯೂ ಇರಬಹುದು, ಸುಳ್ಳು ಅಂತ ಯಾಕೆ ಹೇಳಲಿ.

ಹಾಳೆ ತೆಗೆದು ಖಾಲಿ ಜಾಗದಲ್ಲಿ ‘ಐದು’ ಅಂತ ಬರೆಯುತ್ತಿದ್ದೆ. ಒಳಗಿನ ಮಂಚದಿಂದ ಅತ್ತೆಯ ದನಿ ಬಂತು:

“ಬಲೆ ಘಾಟಿ ಕಣೇ ನೀನು! ಒಂದು ಮೆಟ್ಲೂ ಅತ್ತದಂಗೆ ಮುಗುಸ್ಬುಟ್ಟಲ್ಲ!”